ಹರಿತ

ಮಲಯಾಳದಲ್ಲಿ ಹರಿತ ಎಂದರೆ ಹಸಿರು.
ಪೈವಳಿಕೆಯಲ್ಲಿ, ನಮ್ಮ ಜಗಲಿಯಲ್ಲಿ,
ಅದೇ ಪದ ಕತ್ತಿಯ ಬಾಯಿ.
ಹರಿತ ಕರ್ಮಸೇನೆ ಎಂದು ಹಳದಿ ಕಾರ್ಡಿನಲ್ಲಿ ಓದಿಸಿಕೊಂಡು
ಅಮ್ಮ ಕೇಳಿದ್ದಳು:
‘ಯಾರ ಕರ್ಮ ಮಾರಾಯ, ಯಾರ ಮೇಲೆ ದಂಡು?’

ನನಗೆ ಪುಟಕ್ಕೆ ತೊಂಬತ್ತು ರೂಪಾಯಿ.
ಕರಡು ನೀತಿ, ಅರುವತ್ತೆರಡು ಪುಟ,
ಭಾಷಾ ಅಲ್ಪಸಂಖ್ಯಾತರಿಗಾಗಿ ಕನ್ನಡದಲ್ಲಿ ಬೇಕು, ಸೋಮವಾರದೊಳಗೆ.
ಸಂಪನ್ಮೂಲ ದಕ್ಷತೆ ಎಂದು ಬರೆದೆ. ಯಾರಿಗೂ ನೋಯಲಿಲ್ಲ.
ಹದಿನೇಳನೆಯ ಪುಟದಲ್ಲಿ ಕಾಲು ಸಿಕ್ಕಿಬಿತ್ತು.
ವೃತ್ತಾಕಾರದ ಅರ್ಥವ್ಯವಸ್ಥೆ?
ಏಳನೇ ಕ್ಲಾಸಿನ ಕೈವಾರ ಚುಚ್ಚುತ್ತದೆ.
ವರ್ತುಲ? ಅದು ಹೆದ್ದಾರಿಯವರ ಮಾತು.
ಚಕ್ರೀಯ? ಚಕ್ರಬಡ್ಡಿ ನೆನಪಾಗುತ್ತದೆ,
ಸಹಕಾರಿ ಬ್ಯಾಂಕಿನ ನೋಟೀಸು.

ಪಂಚಾಯತಿನ ಹಿಂದೆ, ತಗಡಿನ ಶೆಡ್ಡಿನಲ್ಲಿ,
ಜಲಜಾಕ್ಷಿ ಹಾಲಿನ ತೊಟ್ಟೆ ಹೆಕ್ಕುತ್ತಿದ್ದಳು,
ಮಿಸ್ರಿಯಾ ಮಾತ್ರೆಯ ಪಟ್ಟಿ.
ಒಬ್ಬಳದು ತುಳು, ಒಬ್ಬಳದು ಬ್ಯಾರಿ,
ಲೆಕ್ಕದ ಪುಸ್ತಕ ಮಲಯಾಳ.
ಜಗಳ ಮಾತ್ರ ಕನ್ನಡದಲ್ಲಿ,
ಇಬ್ಬರಿಗೂ ಸಮದೂರ.

‘ಬಿಸಾಡಿದ್ದು ತಿರುಗಿ ಬಂದು ಇನ್ನೊಂದಾಗುವುದಕ್ಕೆ
ನೀವು ಎಂತ ಹೇಳುವುದು?’
‘ಸುತ್ತು’ ಅಂದಳು ಜಲಜಾಕ್ಷಿ, ತಲೆ ಎತ್ತದೆ.
‘ತಿಂಗಳಿಗೊಂದು ಸುತ್ತು. ಇನ್ನೂರ ನಲವತ್ತು ಮನೆ.
ಬೇಕಾದರೆ ಬನ್ನಿ, ಚೀಲ ಹಿಡಿಯಲು ಜನ ಬೇಕು.’

ಹೋದೆ.
ಮೊದಲ ಗೇಟಿನಲ್ಲಿ ‘ನಮ್ಮಲ್ಲಿ ಏನೂ ಇಲ್ಲ’ ಎಂದರು.
ಬಚ್ಚಲ ಒಲೆಯಿಂದ ಕಪ್ಪು ಹೊಗೆ ಎದ್ದು
ಅವರ ಮಾತನ್ನು ತಿದ್ದುತ್ತಿತ್ತು.
ಟೈಲರ್ ಲಾದ್ರು ಡಿಸೋಜ
ಮುರಿದ ಕೊಡೆಗಳ ಬಟ್ಟೆ ಬಿಚ್ಚಿ ರೇಷನ್ನಿನ ಚೀಲ ಹೊಲಿಯುತ್ತಿದ್ದ.
‘ಕಡ್ಡಿ ನಿಮಗೆ, ಬಟ್ಟೆ ನನಗೆ,
ಹಿಡಿ ಮೊಮ್ಮಗಳ ಆಟಕ್ಕೆ. ಎಂತ ಉಳಿಯಿತು ಹೇಳಿ.’
ಪುಟ ಇಪ್ಪತ್ತೆರಡರಿಂದ ಇಪ್ಪತ್ತಾರು,
ಅವನು ಒಂದೇ ಉಸಿರಿಗೆ ಮುಗಿಸಿಬಿಟ್ಟ.

ಮದ್ರಸದ ತಿರುವಿನಲ್ಲಿ ಚಿಪ್ಸಿನ ಲಕೋಟೆಗಳ ರಾಶಿ,
ಒಳಗೆ ಬೆಳ್ಳಿ, ಹೊರಗೆ ನಗು.
‘ಇದು ಸುತ್ತಿಗೆ ಬರುವುದಿಲ್ಲ’ ಎಂದಳು ಮಿಸ್ರಿಯಾ,
‘ಮೂರು ಪದರ. ಒಂದನ್ನೊಂದು ಬಿಡುವುದಿಲ್ಲ.
ಲಾರಿ ಹತ್ತಿ ತಮಿಳುನಾಡಿಗೆ, ಸಿಮೆಂಟಿನ ಒಲೆಗೆ.’
ಪುಟ ನಲವತ್ತೊಂದು ನೆನಪಾಗಿ, ತುಸು ಜಂಬದಲ್ಲಿ,
ಉತ್ಪಾದಕರ ವಿಸ್ತೃತ ಹೊಣೆ ಎಂದೆ.
ಅವಳು ಚೀಲ ಕೆಳಗಿಟ್ಟಳು.
‘ಆ ಕಂಪೆನಿಯವರ ಮನೆ ಯಾವ ವಾರ್ಡು?
ಹೇಳಿ. ಬಾಗಿಲು ಬಡಿದು
ಐವತ್ತು ರೂಪಾಯಿ ಕೇಳಿ ಬರುತ್ತೇನೆ.’

ನನ್ನ ಅರುವತ್ತೆರಡು ಪುಟದಲ್ಲಿ
ಆ ವಿಳಾಸ ಇರಲಿಲ್ಲ.

ಹದಿನೇಳನೆಯ ಪುಟದಲ್ಲಿ ‘ಸುತ್ತು’ ಎಂದೇ ಬರೆದೆ.
ಕೆಂಪು ಗೆರೆ ಹೊತ್ತು ಮರಳಿತು: ಆಡುಮಾತು, ಬದಲಿಸಿ.
ಬದಲಿಸಿದೆ. ಹಣ ಬೇಕಿತ್ತು.
ಫ್ಲೆಕ್ಸ್ ಕೂಡದು ಎನ್ನುತ್ತದೆ ಪುಟ ಒಂಬತ್ತು.
ಬಟ್ಟೆ ದುಬಾರಿ ಎಂದು ಫ್ಲೆಕ್ಸಿನಲ್ಲೇ ಹಾಕಿಸಿದರು,
ಹನ್ನೆರಡು ಅಡಿ ಉದ್ದ, ರಕಾರ ಬಿಟ್ಟುಹೋದ ‘ಚಕೀಯ’.
ಉದ್ಘಾಟನೆಗೆ ಕಾಗದದ ಲೋಟದಲ್ಲಿ ಚಹಾ.
ಜಲಜಾಕ್ಷಿ ಭಾಷಣ ಮುಗಿಯುವ ಮೊದಲೇ
ಲೋಟಗಳನ್ನು ಒಂದರೊಳಗೊಂದು ಕೂರಿಸತೊಡಗಿದಳು.
ಚಪ್ಪಾಳೆಗೆ ಅವಳ ಕೈ ಖಾಲಿ ಇರಲಿಲ್ಲ.

ಆಟಿಯ ಮಳೆಗೆ ಶೆಡ್ಡು ಸೋರಿದಾಗ
ನನ್ನ ಪದವೇ ತಗಡಿನ ಮೇಲೆ ಹೋಯಿತು, ಬೋರಲಾಗಿ,
ನಾಲ್ಕು ಕಲ್ಲು ಹೇರಿಸಿಕೊಂಡು.
ಕೆಳಗೆ ಚೀಲಗಳು ಒಣಗಿವೆ.
‘ಅಕ್ಷರ ಒಂದು ಬಿದ್ದಿದೆಯಂತೆ’ ಎಂದು ನಗುತ್ತಾಳೆ ಮಿಸ್ರಿಯಾ,
‘ಯಾವ ಚೀಲಕ್ಕೆ ಹಾಕಲಿ?’

ತೊಂಬತ್ತರಲ್ಲಿ ಐವತ್ತು ಅವಳ ಕೈಗೆ.
ರಶೀದಿಯಲ್ಲಿ ಅಮ್ಮನ ಹೆಸರಿಗೆ ಒಂದು ದೀರ್ಘ ಹೆಚ್ಚು.
ಅಮ್ಮ ಈಗ ಹಾಲಿನ ತೊಟ್ಟೆ ತೊಳೆದು,
ಕ್ಲಿಪ್ಪು ಸಿಕ್ಕಿಸಿ,
ನನ್ನ ಅಂಗಿಯ ಪಕ್ಕ ಒಣಗಲು ಹಾಕುತ್ತಾಳೆ.
‘ಕರ್ಮ’ ಎನ್ನುತ್ತಾಳೆ.
ಯಾವ ಭಾಷೆಯದ್ದೆಂದು ನಾನು ಕೇಳಿಲ್ಲ.